ಬಾಗಿನಕ್ಕೆ ತಂದ ನೀರು

ಕೊರೊನಾದ ಗಲಾಟೆ ಮುಗಿದು ಶಾಲೆಗಳು ಸರಿಯಾಗಿ ನಡೆಯಲು ತೊಡಗಿದ ವರ್ಷ ಅದು. ಗುರುವಾಯನಕೆರೆಯಿಂದ ಮೂಡುಬಿದಿರೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಗ್ರಾಮ ಪಂಚಾಯತಿಯಲ್ಲಿ ನಾನು ಪಿಡಿಒ ಆಗಿದ್ದೆ. ಪಿಡಿಒ ಎಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ. ಹೆಸರು ದೊಡ್ಡದು. ಕೆಲಸವೆಂದರೆ ಬೀದಿದೀಪ ಉರಿಯದಿದ್ದರೂ, ನಾಯಿ ಕಚ್ಚಿದರೂ, ನಳ್ಳಿಯಲ್ಲಿ ನೀರು ಬಾರದಿದ್ದರೂ ಮೊದಲು ಬೈಸಿಕೊಳ್ಳುವುದು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಶಾಸಕರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಇದು ಅವರೊಬ್ಬರ ಕಥೆ ಎಂದುಕೊಂಡು ಉಳಿದವರೆಲ್ಲ ನೆಮ್ಮದಿಯಿಂದ ಓದಿ ಮಡಚಿಡುತ್ತಾರೆ.

ಊರಿನ ನಡುವೆ ಒಂದು ತೋಡು ಹರಿಯುತ್ತದೆ. ಮಳೆಗಾಲದಲ್ಲಿ ದಾಟಲು ಹಾಕಿದ ಕಾಲುಸಂಕವನ್ನೇ ಮುಳುಗಿಸುವ ಈ ಹಳ್ಳ ಬೇಸಗೆಯಲ್ಲಿ ಬರೀ ಕಲ್ಲು. ಅದಕ್ಕಾಗಿ ಮಳೆ ನಿಂತು ಹರಿವು ಹದಕ್ಕೆ ಬಂದ ಮೇಲೆ, ಒಂದು ಭಾನುವಾರ ಊರವರೆಲ್ಲ ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಮನೆಗೊಬ್ಬರು ಬರಬೇಕು. ಅಡಿಕೆ ಮರದ ಕಾಂಡ, ಕಲ್ಲು, ಮಣ್ಣು, ಸೊಪ್ಪು ಇಷ್ಟೇ ಸಾಮಗ್ರಿ. ಮಧ್ಯಾಹ್ನಕ್ಕೆ ಅಲ್ಲೇ ಗಂಜಿ ಮತ್ತು ಚಟ್ನಿ. ಹೀಗೆ ತಡೆದ ನೀರು ನಿಧಾನವಾಗಿ ನೆಲಕ್ಕಿಳಿದು ಸುತ್ತಲಿನ ಬಾವಿಗಳಲ್ಲಿ ಒರತೆಯಾಗಿ ಏಳುತ್ತಿತ್ತು. ತೋಡಿನ ಬದಿಯಲ್ಲಿ ಬೀಡಿ ಕಟ್ಟುವ ಹೆಂಗಸರ, ಕೂಲಿ ಮಾಡುವ ಗಂಡಸರ ಒಂದು ಸಣ್ಣ ಕಾಲನಿ. ಅಲ್ಲಿ ಕೊರೆಸಿದ ಕೊಳವೆಬಾವಿಗಳಲ್ಲಿ ಧೂಳು ಮಾತ್ರ ಬಂದಿತ್ತು. ಇಡೀ ಕಾಲನಿಗೆ ಇದ್ದದ್ದು ಒಂದೇ ತೆರೆದ ಬಾವಿ, ಆ ಬಾವಿಗೆ ಆಧಾರ ಈ ಕಟ್ಟ.

ಶಾಸಕರು ಅಲ್ಲಿಗೊಂದು ಕಿಂಡಿ ಅಣೆಕಟ್ಟು ಮಂಜೂರು ಮಾಡಿಸಿದರು. ಇದು ಒಳ್ಳೆಯ ಕೆಲಸ, ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ತೋಡಿಗೆ ಅಡ್ಡಲಾಗಿ ಕಾಂಕ್ರೀಟ್ ಕಂಬಗಳು, ಕಂಬಗಳ ನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿ ತೆರೆದಿರುತ್ತದೆ, ನೆರೆ ಹರಿದು ಹೋಗುತ್ತದೆ. ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಇನ್ನು ವರ್ಷ ವರ್ಷ ಮಣ್ಣು ಹೊರುವುದು ತಪ್ಪಿತು ಎಂದು ಊರವರಿಗೆ ಖುಷಿ. ಆ ವರ್ಷ ಕಟ್ಟ ಹಾಕುವ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ದೀಪಾವಳಿ ಕಳೆದು ಹಲಗೆ ಇಳಿಸುವ ಸಮಯ ಬಂತು. ಹಲಗೆಗಳು ಅಣೆಕಟ್ಟಿನ ಪಕ್ಕದ ಶೆಡ್ಡಿನಲ್ಲಿದ್ದವು. ಶೆಡ್ಡಿಗೆ ಬೀಗ. ಬೀಗದ ಕೈ ಶಾಸಕರ ಆಪ್ತ ಸಹಾಯಕ ಸುಧೀರನ ಹತ್ತಿರ. ನಾನು ಫೋನ್ ಮಾಡಿದೆ.

"ಈಗ ಹಾಕ್ಲಿಕ್ಕಿಲ್ಲ ಮೇಡಂ. ಲೋಕಾರ್ಪಣೆ ಆಗ್ಬೇಕಲ್ಲ? ಮೊದಲ ಹಲಗೆ ಸಾಹೇಬ್ರೇ ಇಳಿಸುವುದು. ಆಮೇಲೆ ಬಾಗಿನ. ದೊಡ್ಡ ಕಾರ್ಯಕ್ರಮ ಮಾಡುವ."

"ಯಾವಾಗ ಮಾರಾಯ?"

"ಡೇಟ್ ಹೇಳ್ತೇನೆ."

ನಮ್ಮ ಕಡೆ ತೋಡಿಗೆ ಬಾಗಿನ ಬಿಡುವುದನ್ನು ನಾನಂತೂ ನೋಡಿರಲಿಲ್ಲ. ಟಿವಿಯಲ್ಲಿ ದೊಡ್ಡ ದೊಡ್ಡ ಅಣೆಕಟ್ಟುಗಳಿಗೆ ಬಿಡುವುದನ್ನು ನೋಡಿ ಕಲಿತದ್ದಿರಬೇಕು. ಇರಲಿ, ಬಿಡಲಿ. ಆದರೆ ಡೇಟ್ ಬರಲಿಲ್ಲ. ಮೊದಲು ಮಂತ್ರಿಗಳನ್ನೂ ಕರೆಯುವುದೆಂದಾಯಿತು. ಅವರಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಶುರುವಾಯಿತು. ಅದು ಮುಗಿಯುವಾಗ ಧನುರ್ಮಾಸ. ಧನು ತಿಂಗಳಲ್ಲಿ ಶುಭಕಾರ್ಯ ಮಾಡುವುದುಂಟೇ? ಸಂಕ್ರಾಂತಿ ಕಳೆಯಲಿ ಎಂದರು. ತೋಡಿನ ನೀರಿಗೆ ಪಂಚಾಂಗ ನೋಡಲು ಬರುವುದಿಲ್ಲ, ಅದು ತನ್ನಷ್ಟಕ್ಕೆ ಕಿಂಡಿಗಳ ಮೂಲಕ ಹಗಲೂ ರಾತ್ರಿಯೂ ಹರಿದು ಹೋಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಆ ತಿಂಗಳಲ್ಲಿ ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಹಾಗಾದರೆ ಹಳೆಯ ಕ್ರಮದಂತೆ ಕಟ್ಟ ಹಾಕುವ ಎಂದು ಊರವರು ಹಾರೆ ಹಿಡಿದು ಹೊರಟರು. ಅದಕ್ಕೂ ಸುಧೀರ ಅಡ್ಡ ಬಂದ. ಹೊಸ ಅಣೆಕಟ್ಟಿನ ಎದುರು ಮಣ್ಣಿನ ರಾಶಿ ಹಾಕಿದರೆ ಫೋಟೋದಲ್ಲಿ ಎಂತ ಕಾಣುತ್ತದೆ ಎಂಬುದು ಅವನ ಪ್ರಶ್ನೆ. ಬೀಗ ಒಡೆಯುತ್ತೇವೆ ಎಂದ ಒಬ್ಬಿಬ್ಬರಿಗೆ, ಸಾರ್ವಜನಿಕ ಸೊತ್ತಿಗೆ ಹಾನಿ ಮಾಡಿದ ಕೇಸು ಬೀಳುತ್ತದೆ ಎಂದು ಹೆದರಿಸಿದ. ಸಾರ್ವಜನಿಕರೇ ಅಲ್ಲಿ ಹಾರೆ ಹಿಡಿದು ನಿಂತಿದ್ದರು! ನಾನು ಇಂಜಿನಿಯರರನ್ನು ಕೇಳಿದೆ. "ಕಾಮಗಾರಿ ಇನ್ನೂ ಪಂಚಾಯತಿಗೆ ಹ್ಯಾಂಡ್ ಓವರ್ ಆಗ್ಲಿಲ್ಲ ಮೇಡಂ. ಈಗ ನೀವು ಕೈ ಹಾಕಿದ್ರೆ ನಾಳೆ ಒಂದು ಬಿರುಕು ಬಿಟ್ರೂ ನಿಮ್ಮ ತಲೆಗೆ ಬರ್ತದೆ" ಎಂದರು. ಹಸ್ತಾಂತರ ಯಾವಾಗ ಎಂದು ಕೇಳಿದೆ. ಉದ್ಘಾಟನೆ ಆದ ಮೇಲೆ ಎಂದರು.

ಅದೇ ದಿನಗಳಲ್ಲಿ ಶಾಸಕರ ತಿಂಗಳ ವರದಿ ಬಂತು. ಕ್ಷೇತ್ರದಲ್ಲಿ ಆದ ಕೆಲಸಗಳನ್ನು ಜನರಿಗೆ ತಿಳಿಸಲು ಅವರ ಕಚೇರಿ ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ ಮನೆ ಮನೆಗೆ ಹಂಚುತ್ತಿತ್ತು, ವಾಟ್ಸಾಪಿನಲ್ಲೂ ಬಿಡುತ್ತಿತ್ತು. ಈ ಸಲ ಮುಖಪುಟದಲ್ಲಿ ನಮ್ಮ ಅಣೆಕಟ್ಟು. ಆಗಸ್ಟ್ ತಿಂಗಳ ನೆರೆಯಲ್ಲಿ ತೆಗೆದ ಚಿತ್ರ. ಕಂಬಗಳ ಕುತ್ತಿಗೆಯವರೆಗೆ ಕೆಂಪು ನೀರು. ಮೇಲೆ ದಪ್ಪ ಅಕ್ಷರದಲ್ಲಿ "ಕಾಲನಿಯ ನೀರಿನ ಬವಣೆಗೆ ಶಾಶ್ವತ ಪರಿಹಾರ" ಎಂದು ಬರೆದಿತ್ತು.

ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟವಳು ಗುಲಾಬಿ. ಕಾಲನಿಯಲ್ಲಿ ಬೀಡಿ ಕಟ್ಟುವವಳು. ಹೆಚ್ಚು ಮಾತಿಲ್ಲ, ಆದರೆ ಆಡಿದ ಮಾತು ನಾಟುತ್ತದೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೇಡಂ, ಇದರಲ್ಲಿ ಇಷ್ಟು ನೀರು ಉಂಟಲ್ಲ, ಅದರಲ್ಲಿ ಎರಡು ಕೊಡಪಾನ ನಮಗೆ ಕೊಡಿಸ್ತೀರಾ?"

ಕುಳಿತುಕೊಳ್ಳಲು ಹೇಳಿದೆ. ಅವಳು ಕುಳಿತು ನಿಜವಾದ ವಿಷಯ ಹೇಳಿದಳು. ಮಗಳು ಶ್ವೇತಾ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಜನವರಿ ಕೊನೆಗೆ ದಿನ ತುಂಬುತ್ತದೆ. ಗಂಡನ ಮನೆ ಕೊಕ್ಕಡದಲ್ಲಿ, ಅಳಿಯ ರಬ್ಬರ್ ಟ್ಯಾಪಿಂಗ್ ಮಾಡುತ್ತಾನೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ನಲ್ವತ್ತು ದಿನ ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ, ಹಂಡೆ ತುಂಬ ಬಿಸಿನೀರು ಕಾಯಿಸಿ, ಸೊಂಟಕ್ಕೆ ಬೀಸಿ ಬೀಸಿ ಹೊಯ್ಯಬೇಕು. ಬಟ್ಟೆ ಒಗೆಯಲು ಬೇರೆ ನೀರು ಬೇಕು. "ಬಾವಿಯಲ್ಲಿ ಈಗಲೇ ಕೊಡಪಾನ ಕಲ್ಲಿಗೆ ತಾಗ್ತದೆ ಮೇಡಂ. ಬಾಣಂತಿಗೆ ನೀರು ಹೊಯ್ಯಲಿಕ್ಕೆ ಆಗದವಳು ಮಗಳನ್ನು ಕರೆಸಿದ್ದು ಎಂತಕ್ಕೆ ಅಂತ ಬೀಗರು ಕೇಳಿದ್ರೆ ನಾನು ಎಂತ ಹೇಳುವುದು?"

ಮರುದಿನ ಶಾಸಕರು ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಬರುತ್ತಾರೆಂದು ತಿಳಿದು ನಾನು ಅಲ್ಲಿಗೇ ಹೋದೆ. ಅವರು ಒರಟರಲ್ಲ. ಎದ್ದು ನಿಂತು ನಮಸ್ಕಾರ ಮಾಡಿದರು, ಚಹಾ ತರಿಸಿದರು. ವಿಷಯ ಹೇಳಿದೆ.

"ಮೂರು ವರ್ಷ ಈ ಫೈಲ್ ಹಿಡ್ಕೊಂಡು ನಾನು ಓಡಾಡಿದ್ದೇನೆ ಮೇಡಂ. ಅನುದಾನ ಸುಮ್ಮನೆ ಬರ್ತದಾ? ಯಾರು ಮಾಡಿಸಿದ್ದು ಅಂತ ಜನರಿಗೆ ಗೊತ್ತಾಗ್ಬೇಡ್ವಾ?"

"ಗೊತ್ತಾಗ್ಲಿ ಸಾರ್, ಕಲ್ಲಿನಲ್ಲಿ ಹೆಸರು ಕೆತ್ತಿಸಿ ಆಗಿದೆ. ಆದ್ರೆ ನೀರು ಹೋಗ್ತಾ ಉಂಟು."

"ಒಂದು ತಿಂಗಳಲ್ಲಿ ಎಂತ ಆಗ್ತದೆ? ಇಷ್ಟು ವರ್ಷ ಕಾದವರಲ್ವಾ ಅವರು?"

ಕಾಲನಿಯವರು ಒಂದು ವರ್ಷವೂ ಕಾದವರಲ್ಲ. ಪ್ರತಿ ವರ್ಷ ತಮ್ಮ ನೀರನ್ನು ತಾವೇ ಕಟ್ಟಿಕೊಂಡವರು. ಕಾಯುವ ಗತಿ ಬಂದದ್ದು ಈ ಅಭಿವೃದ್ಧಿ ಬಂದ ಮೇಲೆ. ಹೀಗೆಂದು ಅಲ್ಲೇ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಶಾಸಕರು ನಗುತ್ತಲೇ, "ನೋಡುವ ಮೇಡಂ, ನೋಡುವ" ಎಂದು ವೇದಿಕೆ ಹತ್ತಿದರು. ಬೀಗ ತೆಗೆಯಲು ಅವರು ಯಾರಿಗೂ ಹೇಳಲಿಲ್ಲ.

ಜನವರಿಯಲ್ಲಿ ಟ್ಯಾಂಕರ್ ನೀರು ಕೊಡಬೇಕಾದ ಜಾಗಗಳನ್ನು ತಾಲೂಕು ಕಚೇರಿಗೆ ತಿಳಿಸುವ ಕ್ರಮವಿದೆ. ನಾನು ಕಾಲನಿಯ ಹೆಸರನ್ನೇ ಮೊದಲು ಬರೆದು ಕಳಿಸಿದೆ. ಮೇಲಿನವರು ಅದನ್ನು ಕೈಬಿಟ್ಟರು. ಅಲ್ಲಿ ಶಾಶ್ವತ ಪರಿಹಾರ ಆಗಿದೆಯಲ್ಲ, ಶಾಸಕರ ವರದಿಯಲ್ಲೇ ಬಂದಿದೆ, ಮತ್ತೆ ಟ್ಯಾಂಕರ್ ಕೊಟ್ಟರೆ ಅವರ ಮಾತು ಸುಳ್ಳೆಂದಾಗುವುದಿಲ್ಲವೇ ಎಂದು ಫೋನಿನಲ್ಲಿ ನನಗೇ ಬುದ್ಧಿ ಹೇಳಿದರು. ಆ ಫೋನನ್ನು ನಾನು ಇಟ್ಟ ರಭಸಕ್ಕೆ ನಮ್ಮ ಬಿಲ್ ಕಲೆಕ್ಟರ್ ಬೆಚ್ಚಿಬಿದ್ದ. ಶ್ವೇತಾ ಅಷ್ಟರಲ್ಲಿ ಹೆತ್ತು ಮನೆಗೆ ಬಂದಿದ್ದಳು. ಹೆಣ್ಣು ಮಗು. ಗುಲಾಬಿ ಬೀಡಿ ಕಟ್ಟುವುದನ್ನು ಬಿಟ್ಟು ಗುಡ್ಡದಾಚೆಯ ಒಬ್ಬರ ತೋಟದ ಪಂಪಿನಿಂದ ಕೊಡಪಾನದಲ್ಲಿ ನೀರು ಹೊರುತ್ತಿದ್ದಳು.

ಕೊನೆಗೂ ಫೆಬ್ರವರಿಯಲ್ಲಿ ಲೋಕಾರ್ಪಣೆಯ ದಿನ ಬಂತು. ಬೆಳಿಗ್ಗೆ ಬೇಗ ನಾನು ವ್ಯವಸ್ಥೆ ನೋಡಲು ಹೋದೆ. ಶಾಮಿಯಾನ, ಮೈಕ್, ತಳಿರುತೋರಣ ಎಲ್ಲ ಸಿದ್ಧ. ಒಂದು ಹಲಗೆಯನ್ನು ಶಾಸಕರಿಗೆಂದು ಹೂ ಸುತ್ತಿ ಇಟ್ಟು, ಉಳಿದದ್ದನ್ನು ಮೊದಲೇ ಇಳಿಸಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹಲಗೆಯ ಹಿಂದೆ ಪಾದ ಮುಳುಗುವಷ್ಟು ನೀರು. ದಡದಲ್ಲಿ ಮೂರು ಟ್ಯಾಂಕರ್ ನಿಂತಿದ್ದವು. ಮೊದಲನೆಯದು ಪೈಪ್ ಇಳಿಸಿ ಅಣೆಕಟ್ಟಿನೊಳಗೆ ನೀರು ಸುರಿಯುತ್ತಿತ್ತು.

"ಇದು ಎಂತದು ಸುಧೀರ?"

"ಬಾಗಿನ ಬಿಡ್ಲಿಕ್ಕೆ ನೀರು ಬೇಡ್ವಾ ಮೇಡಂ? ಮೊಣಕಾಲಷ್ಟಾದ್ರೂ ಕಾಣ್ಬೇಕು. ಫೋಟೋ ಉಂಟಲ್ಲ."

"ಇದರ ಬಿಲ್ ಯಾರಿಗೆ?"

ಅವನು ಏನೂ ಆಗದವನ ಹಾಗೆ ಹೇಳಿದ. "ಪಂಚಾಯತಿಗೇ. ಕುಡಿಯುವ ನೀರು ಅಂತ ಹಾಕಿಬಿಡಿ."

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಂಥ ಸಿಟ್ಟು ಬಂದದ್ದಿಲ್ಲ. ಬಾಣಂತಿಗೆ ಕೊಡಲು ಇಲ್ಲದ ಟ್ಯಾಂಕರ್ ಫೋಟೋಕ್ಕೆ ಇತ್ತು! ಆದರೆ ಅದೇ ಮಾತಿನಲ್ಲಿ ಅವನು ನನ್ನ ಕೈಗೊಂದು ಅಧಿಕಾರವನ್ನೂ ಕೊಟ್ಟುಬಿಟ್ಟಿದ್ದ. "ಕುಡಿಯುವ ನೀರು ಅಂತ ನಾನು ಸಹಿ ಹಾಕ್ಬೇಕಾದ್ರೆ ಅದು ಕುಡಿಯುವವರ ಮನೆಗೇ ಹೋಗ್ಬೇಕು" ಎಂದೆ. ಹಿಂದಿನ ಟ್ಯಾಂಕರಿನ ಚಾಲಕ ಹನೀಫ್ ನನಗೆ ಪರಿಚಯದವನು. "ಹನೀಫ್, ಎರಡೂ ಗಾಡಿ ಕಾಲನಿಗೆ ಬಿಡಿ" ಎಂದೆ. ಸುಧೀರ ಅಡ್ಡ ಬಂದು ನಿಂತ. ಹನೀಫ್ ತಲೆ ಹೊರಗೆ ಹಾಕಿ, "ಸ್ವಲ್ಪ ಬದಿಗೆ ನಿಲ್ಲಿ ಮಾರಾಯ್ರೆ, ನೀರಿನ ಗಾಡಿಗೆ ಬ್ರೇಕ್ ಬೇಗ ಹಿಡಿಯುವುದಿಲ್ಲ" ಎಂದು ಹೇಳಿ ಗಾಡಿ ತಿರುಗಿಸಿದ. ಇನ್ನೊಂದು ಅವನ ಹಿಂದೆಯೇ ಹೋಯಿತು.

ಕಾರ್ಯಕ್ರಮ ನಡೆಯಿತು. ಶಾಸಕರು ಹೂ ಸುತ್ತಿದ ಹಲಗೆ ಇಳಿಸಿದರು, ಚಪ್ಪಾಳೆ ಬಿತ್ತು. ಬಾಗಿನದ ಮೊರ ತೇಲಲಿಲ್ಲ, ಮರಳಿನ ಮೇಲೆ ಕುಳಿತುಬಿಟ್ಟಿತು. ಫೋಟೋದವನಿಗೆ ಹತ್ತಿರದಿಂದ ತೆಗೆಯಲು ಹೇಳಿದರು. ಭಾಷಣದಲ್ಲಿ ಜೀವಜಲ, ಭಗೀರಥ ಎಲ್ಲ ಬಂದವು. ಕಾಲನಿಯವರು ಒಬ್ಬರೂ ಅಲ್ಲಿರಲಿಲ್ಲ. ಅವರೆಲ್ಲ ಡ್ರಮ್ಮು, ಹಂಡೆ, ಕೊಡಪಾನ ಹಿಡಿದು ಟ್ಯಾಂಕರಿನ ಸುತ್ತ ನಿಂತಿದ್ದರು.

ಆದರೆ ಎರಡು ಟ್ಯಾಂಕರ್ ನೀರು ಒಂದು ಕಾಲನಿಗೆ ಎಷ್ಟು ದಿನ ಬರುತ್ತದೆ? ವಾರದೊಳಗೆ ಮುಗಿಯಿತು. ಮತ್ತೆ ಕಳಿಸಲು ನನಗೆ ಅನುಮತಿ ಸಿಗಲಿಲ್ಲ. ತೋಟದವರ ಪಂಪಿನಲ್ಲೂ ನೀರು ಕಡಿಮೆಯಾಯಿತು. ನಲ್ವತ್ತು ತುಂಬುವ ಮೊದಲೇ ಕೊಕ್ಕಡದಿಂದ ಅಳಿಯ ರಿಕ್ಷಾ ತಂದು ಹೆಂಡತಿಯನ್ನೂ ಹಸುಗೂಸನ್ನೂ ಕರೆದುಕೊಂಡು ಹೋದ. ಅವನು ಒಳ್ಳೆಯ ಹುಡುಗ, ಒಂದು ಕೊಂಕು ಮಾತೂ ಆಡಲಿಲ್ಲವಂತೆ. ಗುಲಾಬಿಗೆ ಅದೇ ಹೆಚ್ಚು ನೋವಾಯಿತು.

ಮುಂದಿನ ತಿಂಗಳ ವರದಿಯಲ್ಲಿ ಬಾಗಿನದ ಫೋಟೋ ಇತ್ತು. ಅದರ ಕೆಳಗೆ ಇನ್ನೊಂದು ಫೋಟೋ. ಹನೀಫನ ಟ್ಯಾಂಕರ್, ಸುತ್ತಲೂ ಕೊಡಪಾನ ಹಿಡಿದ ಹೆಂಗಸರು. "ಶಾಸಕರ ಕಾಳಜಿ: ಕಾಲನಿಗೆ ಉಚಿತ ನೀರು" ಎಂದು ಬರೆದಿದ್ದರು. ಶಾಶ್ವತ ಪರಿಹಾರವಾದ ಕಾಲನಿಗೆ ಉಚಿತ ನೀರು ಯಾಕೆ ಬೇಕಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಅದೇ ವಾರ ನನಗೆ ತಾಲೂಕಿನ ಇನ್ನೊಂದು ತುದಿಗೆ, ಮುಂಡಾಜೆಯಿಂದಲೂ ಆಚೆಗೆ ವರ್ಗಾವಣೆಯ ಆದೇಶ ಬಂತು.

ಮರುವರ್ಷದಿಂದ ಹಲಗೆಗಳನ್ನು ಸಮಯಕ್ಕೆ ಇಳಿಸುತ್ತಾರೆ, ಬಾವಿಯಲ್ಲಿ ನೀರುಂಟು ಎಂದು ಕೇಳಿದ್ದೇನೆ. ಕಡೆಗೆ ಎಲ್ಲ ಸರಿಯಾಯಿತಲ್ಲ, ಇನ್ನೂ ಯಾಕೆ ಸಿಟ್ಟು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಬಾವಿ ಸರಿಯಾಯಿತು. ಆ ಬಾಣಂತನ ಮತ್ತೆ ಬರುವುದಿಲ್ಲ. ಉಳಿದ ಎರಡು ವರ್ಷ ನಾನು ಹೋದಲ್ಲೆಲ್ಲ ಒಂದು ಹಟ ಹಿಡಿದೆ. ಕೆಲಸ ಮುಗಿದ ದಿನವೇ ಕೀಲಿಕೈ ಪಂಚಾಯತಿಗೆ ಬರಬೇಕು, ಜನ ಬಳಸಲು ತೊಡಗಬೇಕು, ಉದ್ಘಾಟನೆ ಬೇಕಾದವರು ಬೇಕಾದಾಗ ಬಂದು ಮಾಡಿಕೊಳ್ಳಲಿ. ಇದಕ್ಕಾಗಿ ಕೆಲವರ ಬಾಯಲ್ಲಿ ಜಗಳಗಂಟಿ ಎನಿಸಿಕೊಂಡೆ. ನೌಕರಿ ನನಗೆ ಕಲಿಸಿದ ಪಾಠ ಅದು, ಹೆಸರು ಕೆಟ್ಟರೆ ಕೆಡಲಿ.

ಆ ಊರು ಬಿಡುವ ದಿನ ಕಾಲನಿಗೆ ಹೋಗಿದ್ದೆ. ಗುಲಾಬಿ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಈ ವರ್ಷ ನೀರಿಲ್ಲದೆ ನಿನಗೆ ಹೀಗಾಯಿತಲ್ಲ ಎಂದು ಸಮಾಧಾನ ಹೇಳಲು ಹೋದೆ. ಅವಳು ಕೈಯ ಕೆಲಸ ನಿಲ್ಲಿಸದೆ ಹೇಳಿದಳು:

"ನೀರು ಇಲ್ಲದ್ದಲ್ಲ ಮೇಡಂ. ಇತ್ತು. ಹೋಗುವುದನ್ನು ನೋಡಿಕೊಂಡು ನಿಲ್ಲಿ ಅಂತ ಹೇಳಿದ್ರು, ನಿಂತೆವು."