ತಡವಾಗಿ ಏಳುವ ಆರನೇ ತಂತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಸ್ತೆಲ್‌ಫಿದಾರ್ದೊ ಊರಿನ ಇಳಿಜಾರು ಬೀದಿಯಲ್ಲಿ ಒಂದೇ ಒಂದು ಗ್ಯಾರೇಜಿನ ಶಟರ್ ಮೊಣಕಾಲೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ನುಸುಳಿದರೆ ಬೆಸುಗೆಯ ಹೊಗೆ ಮೂಗಿಗೆ ಅಡರುತ್ತದೆ. ಮೇಜಿನ ಮೇಲೆ ಒಂದು ಕೆಂಪು ಗಿಟಾರು ಮಲಗಿದೆ. ಅದರಿಂದ ಹೊರಟ ಹೆಬ್ಬೆರಳು ಗಾತ್ರದ ಕೇಬಲ್ಲು ನೆಲದ ಮೇಲಿನ ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆಗೆ ಹೋಗಿ ಸೇರಿದೆ. ಪೆಟ್ಟಿಗೆಯ ಮುಚ್ಚಳ ತೆಗೆದಿದೆ. ಹಣೆಗೆ ದೀಪ ಕಟ್ಟಿಕೊಂಡು, ಹಲ್ಲಿನಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಅದರೊಳಗೆ ತಲೆ ಹಾಕಿ ಕುಳಿತವರು ಲೊರೆತ್ತಾ ಕಾಮಿಲ್ಲೆಟ್ಟಿ. ವಯಸ್ಸು ಅರವತ್ತಾರು.

ಒಂದೊಂದಾಗಿ ತಂತಿ ಮೀಟುತ್ತಾರೆ. ಮೊದಲನೆಯದಕ್ಕೆ ಪೆಟ್ಟಿಗೆಯಿಂದ ಕೊಳಲು ಹೊರಡುತ್ತದೆ. ಎರಡು, ಮೂರು, ನಾಲ್ಕು, ಐದು, ಎಲ್ಲವೂ ಮುಟ್ಟಿದ ಕ್ಷಣಕ್ಕೇ ಉತ್ತರ ಕೊಡುತ್ತವೆ. ಆರನೆಯದು, ಎಲ್ಲಕ್ಕಿಂತ ದಪ್ಪದ್ದು, ಮೀಟಿದಾಗ ಮೊದಲು ಒಂದು ಚೂರು ಮೌನ. ಆಮೇಲೆ ದೊಡ್ಡ ಪಿಟೀಲಿನಂಥ ಚೆಲ್ಲೊ ವಾದ್ಯದ ಹೊಟ್ಟೆಯಾಳದ ದನಿ.

"ಕೇಳಿಸ್ತಾ? ಐದು ಜನ ಎದ್ದು ಮುಖ ತೊಳೆದು ಕೆಲಸಕ್ಕೆ ಹೋದ್ರು. ಆರನೇ ಮಹಾರಾಯ ಇನ್ನೂ ಹಾಸಿಗೇಲಿ ಹೊರಳ್ತಾ ಇದಾನೆ," ಎನ್ನುತ್ತಾರೆ ಲೊರೆತ್ತಾ.

ಈ ಮಹಾರಾಯನನ್ನು ಮಧ್ಯಾಹ್ನದೊಳಗೆ ಎಬ್ಬಿಸಬೇಕು. ಇವತ್ತು ಸಂಜೆ ಊರ ಹೆಬ್ಬಾಗಿಲು ಪೋರ್ತಾ ಮರೀನಾದ ಮುಂದಿನ ಅಂಗಳದಲ್ಲಿ 'ಉಪ್ಪಿನ ಗೋಪುರ' ತಂಡದ ಸಂಗೀತ ಕಛೇರಿ. ಎಪ್ಪತ್ತರ ದಶಕದಲ್ಲಿ ಶುರುವಾದ ತಂಡ. ಒಂದು ಹಾಡು ಹಿಡಿದರೆ ರೆಕಾರ್ಡಿನ ಒಂದು ಮಗ್ಗುಲು ಮುಗಿಯುವವರೆಗೂ ಬಿಡದ ಜಾತಿ. ತಂಡದ ಕೀಬೋರ್ಡ್ ವಾದಕ ಮಿರ್ಕೊ ಖಡಾಖಂಡಿತ ಹೇಳಿಬಿಟ್ಟಿದ್ದಾರೆ: ಸೌಂಡ್ ಚೆಕ್ಕಿನಲ್ಲಿ ಆರನೇ ತಂತಿ ತಡವಾದರೆ ಆ ಪೆಟ್ಟಿಗೆ ವೇದಿಕೆಯಿಂದ ಕೆಳಗೆ. ಅದರ ಭಾಗವನ್ನೆಲ್ಲ ಮೊದಲೇ ಧ್ವನಿಮುದ್ರಿಸಿ ಕಂಪ್ಯೂಟರಿನಿಂದ ಬಿಡುವುದು. ಗಿಟಾರ್ ವಾದಕ ಎಜಿದಿಯೊ ಫ್ರೊಂತೀನಿ ಮಾಮೂಲಿ ಗಿಟಾರು ಹಿಡಿದು ನಿಲ್ಲುವುದು.

"ಇವತ್ತು ಇಳಿದ್ರೆ ಅದು ಮತ್ತೆ ಹತ್ತೋದಿಲ್ಲ," ಎನ್ನುತ್ತಾರೆ ಲೊರೆತ್ತಾ. "ಎಜಿದಿಯೊನೇ ಬಿಟ್ಟ ಅಂದ್ಮೇಲೆ ನನ್ನ ಹತ್ರ ಪೆಟ್ಟಿಗೆ ತರೋ ಪೆಸಾರೊದವನು ಬಿಡ್ತಾನೆ, ಅಂಕೋನಾದವನು ಬಿಡ್ತಾನೆ. ನಾನು ಶಟರ್ ಎಳೆದು ಟೊಮ್ಯಾಟೊ ಬೆಳೀಬೇಕು. ಟೊಮ್ಯಾಟೊ ಕಂಡ್ರೆ ನನಗಾಗಲ್ಲ."

ಗಿಟಾರ್ ಸಿಂಥಸೈಸರ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ವಿದ್ಯುತ್ ಗಿಟಾರು ಆರೂ ತಂತಿಗಳ ಗಲಾಟೆಯನ್ನು ಒಟ್ಟಿಗೆ ಕಟ್ಟಿ ಕಳಿಸುತ್ತದೆ. ಇದರಲ್ಲಿ ಹಾಗಲ್ಲ, ತಂತಿಗೊಂದು ಕಿವಿ. ಗಿಟಾರಿನ ಬುಡದಲ್ಲಿ ಬೆರಳಗಲದ ಪಟ್ಟಿ, ಅದರೊಳಗೆ ಆರು ಪುಟ್ಟ ಸುರುಳಿಗಳು. ಪ್ರತಿ ಕಿವಿ ತನ್ನ ತಂತಿಯ ಸುದ್ದಿಯನ್ನು ಬೇರೆಯಾಗಿ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಪೆಟ್ಟಿಗೆ ಅದು ಯಾವ ಸ್ವರವೆಂದು ಗುರುತಿಸಿ ಅದೇ ಸ್ವರದಲ್ಲಿ ಕೊಳಲೋ ಪಿಟೀಲೋ ಇಗರ್ಜಿಯ ಆರ್ಗನ್ನೋ ನುಡಿಸುತ್ತದೆ. ಒಬ್ಬ ಮನುಷ್ಯ, ಎರಡು ಕೈ, ಇಡೀ ವಾದ್ಯವೃಂದ! ಒಂದೇ ಹಾಡಿನಲ್ಲಿ ಬಿರುಗಾಳಿಯೂ ಬೇಕು, ಪ್ರಾರ್ಥನೆಯೂ ಬೇಕು ಎನ್ನುವ ಈ ಸಂಗೀತದವರಿಗೆ ಇದು ಸಿಕ್ಕಾಗ ಹುಚ್ಚು ಹಿಡಿಯದೆ ಇರುತ್ತದೆಯೇ?

ತೊಡಕು ದಪ್ಪ ತಂತಿಯದು. ಅದು ನಿಧಾನವಾಗಿ ತೂಗುತ್ತದೆ. ಒಂದೆರಡು ತೂಗಾಟವನ್ನು ಪೂರ್ತಿ ನೋಡದೆ ಇದು ಯಾವ ಸ್ವರವೆಂದು ಪೆಟ್ಟಿಗೆಗೆ ತಿಳಿಯದು. ಅಷ್ಟರಲ್ಲಿ ಡ್ರಮ್ಮಿನವನು ಮುಂದೆ ಹೋಗಿರುತ್ತಾನೆ.

ಶಟರಿನ ಕೆಳಗೆ ಎರಡು ಬೂಟು ಕಾಣಿಸುತ್ತವೆ. ಎಜಿದಿಯೊ ಫ್ರೊಂತೀನಿ ಕಾಫಿ ಲೋಟಗಳನ್ನು ಹಿಡಿದು, ಸೊಂಟ ಹಿಡಿದುಕೊಂಡು ಒಳಗೆ ಬರುತ್ತಾರೆ. ಎಪ್ಪತ್ತು ದಾಟಿದವರು, ಉದ್ದ ಬಿಳಿ ಜುಟ್ಟು.

"ಲೊರೇ, ನಿನ್ನ ಪೆಟ್ಟಿಗೆ ಮುದುಕಿ ಆಗ್ಹೋಯ್ತು ಕಣೇ."

"ಆಗ್ಲಿ ಬಿಡು ಎಜೀ. ನಿನ್ನಷ್ಟು ಗೊಣಗಲ್ಲವಲ್ಲ. ಕಾಫಿಗೆ ಮಿಸ್ತ್ರಾ ಹಾಕಿಸಿದ್ಯಾ?"

"ಹಾಕಿಸಿದೆ."

"ಹಾಗಿದ್ರೆ ಲೋಟ ಇಟ್ಟು ನಡಿ. ನೀನು ನಿಂತ್ರೆ ಬೆಳಕು ಮುಚ್ಚುತ್ತೆ."

ಅವರು ಹೋದ ಮೇಲೆ ಲೊರೆತ್ತಾ ಸೋಂಪಿನ ಮದ್ಯ ಬೆರೆತ ಕಾಫಿ ಹೀರಿ ಹೇಳುತ್ತಾರೆ: "ಈ ಪೆಟ್ಟಿಗೆ ಬಂದ ದಿನದಿಂದ್ಲೂ ಇಷ್ಟೇ ತಡ. ಒಂದು ಚೂರೂ ಹೆಚ್ಚಾಗಿಲ್ಲ. ಮುಂಚೆ ಎಜಿದಿಯೊ ಬೆರಳು ತಾಳಕ್ಕಿಂತ ಒಂದು ಕೂದಲೆಳೆ ಮುಂದೆ ಬೀಳ್ತಿತ್ತು. ಅವನಿಗೇ ಗೊತ್ತಿಲ್ದೆ. ಈಗ ಸರಿಯಾಗಿ ತಾಳದ ಮೇಲೇ ಬೀಳುತ್ತೆ. ಬೇರೆಯವರಿಗಾದ್ರೆ ಅದೇ ಸರಿ. ಈ ಪೆಟ್ಟಿಗೆಗೆ ಸಾಲದು."

ಇದನ್ನು ಮಿರ್ಕೊಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೇನೆ.

"ಪೆಟ್ಟಿಗೆಗೆ ವಯಸ್ಸಾಯ್ತು ಅಂದ್ರೆ ಯಾರಿಗೂ ನೋವಾಗಲ್ಲ, ಅದಕ್ಕೆ."

ಅಕಾರ್ಡಿಯನ್ ತಯಾರಿಕೆಗೆ ಹೆಸರಾದ ಈ ಊರಲ್ಲಿ ಹುಟ್ಟಿದವರಿಗೆ ಅದು ತಪ್ಪಿದ್ದಲ್ಲ. ಲೊರೆತ್ತಾ ಅವರ ಅಪ್ಪ ಜೀವಮಾನವಿಡೀ ಅಕಾರ್ಡಿಯನ್ನಿನೊಳಗೆ ಗಾಳಿಗೆ ನಡುಗಿ ನಾದ ಕೊಡುವ ಉಕ್ಕಿನ ರೀಡುಗಳನ್ನು ಅರದಿಂದ ಉಜ್ಜಿ ಶ್ರುತಿ ಮಾಡಿದವರು. ಮಗಳು ಹದಿಹರೆಯದಲ್ಲೇ ವಿದ್ಯುತ್ ಆರ್ಗನ್ ಮಾಡುವ ಕಾರ್ಖಾನೆ ಸೇರಿದರು. ಅಲ್ಲಿ ಹೆಂಗಸರಿಗೆ ಕೊಡುತ್ತಿದ್ದದ್ದು ಒಂದೇ ಕೆಲಸ, ತಂತಿ ಸುತ್ತುವುದು, ಬೆಸೆಯುವುದು. ಕೆಟ್ಟದ್ದನ್ನು ಯಾಕೆ ಕೆಟ್ಟಿತು ಎಂದು ಹುಡುಕುವ ಕೋಣೆಗೆ ಗಂಡಸರಷ್ಟೇ ಹೋಗಬಹುದಿತ್ತು. ಇವರು ಊಟದ ಬಿಡುವಿನಲ್ಲಿ ನುಗ್ಗುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಎಜಿದಿಯೊ ಕೆಟ್ಟು ನಿಂತ ಪೆಟ್ಟಿಗೆಯೊಂದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಎಲ್ಲ ಕಡೆ ತಿರುಗಿ, ಎಲ್ಲರೂ ಬಿಸಾಕು ಎಂದ ಮೇಲೆ ಬಂದದ್ದು. ಲೊರೆತ್ತಾ ಬಿಸಾಕಲಿಲ್ಲ.

ಆವತ್ತಿನಿಂದ ಇದೇ ಬದುಕು. ಆರು ಸುರುಳಿಗಳನ್ನೂ ಕೈಯಲ್ಲೇ ಸುತ್ತುತ್ತಾರೆ. ಕೂದಲಿಗಿಂತ ತೆಳ್ಳನೆಯ ತಾಮ್ರ. ಜುಲೈ ತಿಂಗಳ ಬೇಗೆಯಲ್ಲೂ ಫ್ಯಾನು ಹಾಕುವಂತಿಲ್ಲ, ಗಾಳಿಗೆ ತಂತಿ ತುಂಡಾಗುತ್ತದೆ. ಪೆಟ್ಟಿಗೆಯೊಳಗಿನ ಬಿಡಿಭಾಗಗಳನ್ನು ಈಗ ಯಾರೂ ಮಾಡುವುದಿಲ್ಲ. ಸತ್ತ ಪೆಟ್ಟಿಗೆಗಳ ಹೊಟ್ಟೆಯಿಂದ ಕಿತ್ತು ಬದುಕಿರುವವುಗಳಿಗೆ ಹಾಕುತ್ತಾರೆ. ಎಜಿದಿಯೊ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದಿವೆ. ತಂಡದ ಕೊನೆಯ ರೆಕಾರ್ಡಿನ ಹಿಂಬದಿ ತಿರುಗಿಸಿ ನೋಡಿ, ಅಡುಗೆ ಮಾಡಿ ಹಾಕಿದವನ ಹೆಸರಿದೆ, ವ್ಯಾನು ಓಡಿಸಿದವನ ಹೆಸರಿದೆ. ಲೊರೆತ್ತಾ ಹೆಸರಿಲ್ಲ. ನನಗೆ ಇದನ್ನು ನೋಡಿದರೆ ಮೈ ಉರಿಯುತ್ತದೆ. ಅವರಿಗೆ ಉರಿಯುವುದಿಲ್ಲ. "ವಿಂಚಿಸ್‌ಗ್ರಾಸ್ಸಿ ಪಾಸ್ತಾ ತಿಂದವರು ಅಡುಗೆಯವನ ಹೆಸರು ಬರೀಬೇಕಲ್ವಾ, ಇಲ್ಲಾಂದ್ರೆ ಮುಂದಿನ ಸಲ ಯಾರು ಮಾಡಿ ಹಾಕ್ತಾರೆ?" ಎಂದು ನಗುತ್ತಾರೆ.

ಸೂರ್ಯ ಮೇಲೇರುವ ಹೊತ್ತಿಗೆ ಚೆಲ್ಲೊ ದನಿ ಕೊಡುವ ಎರಡು ಧ್ವನಿಭಾಗಗಳಲ್ಲಿ ಒಂದು ಸುಟ್ಟಿರುವುದು ಪತ್ತೆಯಾಗುತ್ತದೆ. ಬೇರೆಯದನ್ನು ಹಾಕಿ, ಎರಡನ್ನೂ ಕಿವಿಯಲ್ಲೇ ಹೊಂದಿಸಿ, ಮುಚ್ಚಳ ಬಿಗಿದು ಹೊರಡುತ್ತಾರೆ. ತಡವಾಗುವ ರೋಗ ಮಾತ್ರ ಹಾಗೇ ಇದೆ.

ಅಂಗಳದಲ್ಲಿ ವೇದಿಕೆ ಸಿದ್ಧವಾಗಿದೆ. ನಲವತ್ತರ ಮಿರ್ಕೊ ಕಂಪ್ಯೂಟರ್ ತೆರೆದಿಟ್ಟುಕೊಂಡೇ ಕುಳಿತಿದ್ದಾರೆ. ಕೆಟ್ಟ ಮನುಷ್ಯನಲ್ಲ. ಹೋದ ಬೇಸಿಗೆಯಲ್ಲಿ ತಂಡದ ಕಛೇರಿಯೊಂದನ್ನು ಯಾರೋ ಮೊಬೈಲಿನಲ್ಲಿ ಚಿತ್ರಿಸಿ ಅಂತರ್ಜಾಲಕ್ಕೆ ಹಾಕಿದರು. ಚೆಲ್ಲೊ ತಡವಾಗಿ ಬೀಳುವುದನ್ನು ನೋಡಿ ಜನ ಎಜಿದಿಯೊ ಹೆಸರು ಹಿಡಿದು ಲೇವಡಿ ಮಾಡಿದರು. ಮಿರ್ಕೊಗೆ ಅದು ಮತ್ತೆ ಆಗುವುದು ಬೇಡ.

ಎಜಿದಿಯೊ ಕಾಲಿನ ಪೆಡಲ್ ಒತ್ತಿ, ಕಣ್ಣು ಮುಚ್ಚಿ, ಹಾಡಿನ ಪ್ರಾರ್ಥನೆಯಂಥ ದೊಡ್ಡ ಭಾಗವನ್ನು ಶುರು ಮಾಡುತ್ತಾರೆ. ಸ್ಪೀಕರಿನಿಂದ ಬಂದದ್ದು ಪ್ರಾರ್ಥನೆಯಲ್ಲ. ನಡುಗುವ, ಅಲೆಅಲೆಯಾದ, ಮದುವೆ ಮನೆಯ ಅಕಾರ್ಡಿಯನ್! ಡ್ರಮ್ಮಿನ ಸಾಂತೆ ಒಂದು ಕ್ಷಣವೂ ತಡಮಾಡದೆ ಸಾಲ್ತರೆಲ್ಲೊ ಕುಣಿತದ ಗತ್ತು ಬಾರಿಸುತ್ತಾರೆ. ಕೇಬಲ್ ಎಳೆಯುತ್ತಿದ್ದ ಇಬ್ಬರು ಕೈಕೈ ಹಿಡಿದು ಸುತ್ತುತ್ತಾರೆ.

"ಮದುಮಗಳು ಎಲ್ರೀ?" ಸಾಂತೆ ಕೂಗುತ್ತಾರೆ.

"ಲೊರೇ!" ಎಜಿದಿಯೊ ಕೆಂಪಾಗಿದ್ದಾರೆ. "ನಲವತ್ತು ವರ್ಷದ ಹಾಡು ಇದು! ಏನು ಮಾಡಿಟ್ಟಿದೀಯ?"

ಲೊರೆತ್ತಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಾರೆ. ಅಕಾರ್ಡಿಯನ್ನಿನಲ್ಲಿ ಜೋಡಿ ರೀಡುಗಳನ್ನು ಒಂದೇ ಶ್ರುತಿಗೆ ಇಡುವುದಿಲ್ಲ. ಒಂದನ್ನು ಕೂದಲೆಳೆಯಷ್ಟು ಮೇಲೆ ಇಡುತ್ತಾರೆ. ಆಗಲೇ ದನಿ ನಡುಗಿ ಕುಣಿಯುವುದು. ಅಪ್ಪನ ಪಕ್ಕ ಕೂತು ಬೆಳೆದ ಕಿವಿ, ನಿದ್ದೆಗಣ್ಣಿನಲ್ಲಿ ಅದನ್ನೇ ಮಾಡಿಬಿಟ್ಟಿದೆ! ಈ ಊರಿನವರಲ್ಲದೆ ಜಗತ್ತಿನಲ್ಲಿ ಬೇರೆ ಯಾರೂ ಮಾಡಲಾರದ ತಪ್ಪು. ಸ್ಕ್ರೂ ತಿರುಗಿಸಿ ಎರಡು ಧ್ವನಿಗಳನ್ನೂ ಒಂದೇ ಸಮಕ್ಕೆ ತರುತ್ತಾರೆ. ಪ್ರಾರ್ಥನೆ ಮರಳುತ್ತದೆ. ಆರನೇ ತಂತಿ ಬರುತ್ತದೆ. ತಡವಾಗಿ.

ಮಿರ್ಕೊ ಕಂಪ್ಯೂಟರಿನ ಕಡೆ ಕೈ ಚಾಚುತ್ತಾರೆ. "ಸಿನ್ಯೋರಾ ಲೊರೆತ್ತಾ, ಬೇಜಾರು ಮಾಡ್ಕೋಬೇಡಿ. ನೀವೇ ಕೇಳಿದ್ರಲ್ಲ."

"ನಿಲ್ಲು!"

ಲೊರೆತ್ತಾ ಮಿರ್ಕೊ ಮುಖವನ್ನೂ ನೋಡುತ್ತಿಲ್ಲ, ಪೆಟ್ಟಿಗೆಯನ್ನೂ ನೋಡುತ್ತಿಲ್ಲ. "ಅಕಾರ್ಡಿಯನ್... ಅಯ್ಯೋ ನನ್ನ ಕತ್ತೆ ತಲೆಯೇ! ಮಗನೇ, ಅಕಾರ್ಡಿಯನ್ನಿನ ದೊಡ್ಡ ರೀಡು ಎಷ್ಟು ಸೋಮಾರಿ ಗೊತ್ತಾ? ಗಾಳಿ ತುಂಬಿ ಅಲುಗಾಡೋಕೆ ಹೊತ್ತು ಬೇಕು ಅದಕ್ಕೆ. ಆದ್ರೂ ಅದು ತಡ ಅಂತ ಯಾರಾದ್ರೂ ಅಂದಿದ್ದು ಕೇಳಿದೀಯ?"

"ಇಲ್ಲ."

"ಯಾಕಂದ್ರೆ ಪಕ್ಕದಲ್ಲಿ ಒಂದು ಸಣ್ಣ ರೀಡು ಇಡ್ತೀವಿ. ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಸಣ್ಣದು ಥಟ್ಟಂತ ಕೂಗುತ್ತೆ, ದೊಡ್ಡದು ಅದರ ಹಿಂದೆ ಬಂದು ಸೇರ್ಕೊಳ್ಳುತ್ತೆ. ಕಿವಿಗೆ ಒಂದೇ ದನಿ. ನನಗೆ ಒಂದು ಗಂಟೆ ಕೊಡು!"

ಮಿರ್ಕೊ ಗಡಿಯಾರ ನೋಡುತ್ತಾರೆ. "ಸೌಂಡಿನವರು ಊಟಕ್ಕೆ ಹೋಗಿ ಬರೋವರೆಗೆ," ಎನ್ನುತ್ತಾರೆ.

ಸ್ಪೀಕರ್ ಪೆಟ್ಟಿಗೆಯೇ ಮೇಜಾಗುತ್ತದೆ. ಬೆಸುಗೆ ಕಡ್ಡಿ ಕಾಯುತ್ತದೆ. ಆರನೇ ತಂತಿಯ ಕಿವಿಯಿಂದ ಲೊರೆತ್ತಾ ಇನ್ನೊಂದು ಎಳೆ ತೆಗೆಯುತ್ತಾರೆ. ಸ್ವರ ಗುರುತಿಸುವ ಗೊಡವೆಯೇ ಇಲ್ಲದ, ಸಿಂಥಸೈಸರನ್ನು ಬದಿಗಿಟ್ಟು ಸೀದಾ ಸ್ಪೀಕರಿಗೆ ಓಡುವ ಅಡ್ಡದಾರಿ ಅದು. ದಾರಿಯಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಎರಡು ಡಯೋಡು. ತಂತಿಯ ತೂಗಾಟವನ್ನು ಅವು ನಡುವೆ ಮಡಚುತ್ತವೆ, ಒಂದರ ಜಾಗದಲ್ಲಿ ಎರಡು ಅಲೆಯಾಗುತ್ತದೆ, ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮೊದಲ ಸಲ ಜೋಡಿಸಿದಾಗ ಕಪ್ಪೆ ವಟಗುಟ್ಟಿದಂತೆ ಕೇಳಿಸುತ್ತದೆ. ಎರಡನೇ ಸಲ ಏನೂ ಕೇಳಿಸುವುದೇ ಇಲ್ಲ.

"ದೀಪ ಹಿಡಿ ಮಗನೇ, ನನ್ನ ಕಣ್ಣಿಗಲ್ಲ, ಅಲ್ಲಿ!"

"ಹಿಡಿದಿದೀನಿ ಸಿನ್ಯೋರಾ," ಎನ್ನುತ್ತಾರೆ ಮಿರ್ಕೊ.

"ದೀಪ ಯಾಕೆ ಹಿಂದಕ್ಕೆ ಎಳೀತೀಯ?"

"ಬೆಸುಗೆ ನನ್ನ ಹೆಬ್ಬೆರಳಿನ ಹತ್ರ ಬರ್ತಾ ಇದೆ, ಅದಕ್ಕೆ!"

ಮೂರನೇ ಸಲ. ಎಜಿದಿಯೊ ಆರನೇ ತಂತಿ ಮೀಟುತ್ತಾರೆ. ಕಲ್ಲಿಗೆ ಕಲ್ಲು ತಾಗಿದಂತೆ ಚುರುಕಾದ ಒಂದು ದನಿ, ಅದರ ಬೆನ್ನಿಗಂಟಿಕೊಂಡೇ ಚೆಲ್ಲೊದ ಆಳ. ನಡುವೆ ಬಿರುಕಿಲ್ಲ. ಮತ್ತೆ ಮೀಟುತ್ತಾರೆ. ಸಾಂತೆ ಕೂಡಿಕೊಳ್ಳುತ್ತಾರೆ. ಇಡೀ ಅಂಗಳದ ಕಲ್ಲು ಹಾಸು ಗುಡುಗುತ್ತದೆ. ಮಿರ್ಕೊ ಕಂಪ್ಯೂಟರ್ ಮಡಚಿ ಚೀಲಕ್ಕೆ ತುರುಕಿ ಕೀಬೋರ್ಡಿನತ್ತ ಓಡುತ್ತಾರೆ.

ಆಮೇಲೆ ವೇದಿಕೆಯ ಹಿಂದೆ ಕುಳಿತು ಎಲ್ಲರೂ ತಿನ್ನುವಾಗ ಎಜಿದಿಯೊ ದನಿ ತಗ್ಗಿಸಿ ಕೇಳುತ್ತಾರೆ: "ಲೊರೇ, ತಡ ಆಗ್ತಿದ್ದಿದ್ದು ಪೆಟ್ಟಿಗೆ ಅಲ್ಲ, ಅಲ್ವಾ?"

"ತಿನ್ನು ನೀನು. ಆರುತ್ತೆ."

ಇದನ್ನು ಬರೆಯಬಹುದೇ ಎಂದು ಎಜಿದಿಯೊ ಅವರನ್ನೇ ಕೇಳಿದೆ. "ಬರಿ," ಎಂದರು. "ಕೈಗೆ ವಯಸ್ಸಾಗಿದೆ ಅಂತ ಬರಿ. ಅವಳು ಅದನ್ನ ಯಾರಿಗೂ ಹೇಳ್ಲಿಲ್ಲ ಅಂತಾನೂ ಬರಿ."

ಸಂಜೆ. ಕೋನೆರೊ ಬೆಟ್ಟದ ಮೇಲೆ ಇನ್ನೂ ಬೆಳಕಿದೆ, ಅಂಗಳ ತುಂಬಿದೆ. ಹಾಡು ಏಳೇಳು ಎಣಿಕೆಯಲ್ಲಿ ಓಡುತ್ತದೆ. ನಮ್ಮ ಮಿಶ್ರಛಾಪು ಬಲ್ಲವರು ತೊಡೆ ತಟ್ಟಿಕೊಂಡು ಕೇಳುವಂಥ ಓಟ. ಇಲ್ಲಿಯ ಜನ ನಾಲ್ಕಕ್ಕೆ ಚಪ್ಪಾಳೆ ಶುರು ಮಾಡಿ ಎಡವುತ್ತಾರೆ, ನಗುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಥಟ್ಟನೆ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಆರನೇ ತಂತಿ ಒಬ್ಬಂಟಿಯಾಗಿ ಬರಬೇಕಾದ ಜಾಗ. ಸ್ಪೀಕರಿನ ಹಿಂದೆ ನಿಂತ ಲೊರೆತ್ತಾ ಅವರ ಮುಷ್ಟಿ ಬಿಗಿಯುತ್ತದೆ. ಎಜಿದಿಯೊ ಅವರ ಬೆರಳು ಬೀಳುತ್ತದೆ. ದನಿ ಅದೇ ಕ್ಷಣಕ್ಕೆ, ಅದೇ ಜಾಗಕ್ಕೆ, ಗುಂಡಿಟ್ಟಂತೆ ಬೀಳುತ್ತದೆ. ಮುಂದಿನ ಸಾಲಿನ ಮುದುಕರು ಕುರ್ಚಿ ಬಿಟ್ಟು ಏಳುತ್ತಾರೆ. ಪಕ್ಕದಲ್ಲಿ ನಿಂತ ನನ್ನ ಭುಜಕ್ಕೆ ಲೊರೆತ್ತಾ ಗುದ್ದಿದ ಗುದ್ದು ಎರಡು ದಿನ ನೋಯುತ್ತದೆ.

ಜನ ಚದುರುತ್ತಿರುವಾಗ ಅವರು ಕೇಬಲ್ ಸುತ್ತುತ್ತಾ ಕೂರುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದೆ.

"ಈ ಹಾಡನ್ನ ಇಷ್ಟು ವರ್ಷದಲ್ಲಿ ನಾನು ಒಂದ್ಸಲಾನೂ ಕೇಳಿಲ್ಲ," ಎಂದರು. "ಆರನೇ ತಂತಿ ಮಾತ್ರ ಕೇಳಿದೀನಿ. ಒಂದು ದಿನ ಮುಂದೆ, ಜನರ ಮಧ್ಯ ಕೂರ್ಬೇಕು. ಕೈಯಲ್ಲೊಂದು ಹಂದಿಮಾಂಸದ ಪೊರ್ಕೆತ್ತಾ ಬನ್ನು. ಪೂರ್ತಿ ಹಾಡು ಕೇಳಿ, ಎಲ್ಲರ ಹಾಗೆ ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಬೇಕು."