ಐದು ಸಾವಿರದ ಒಂದನೆಯ ಸಾಲು

"ಇವತ್ತು ಯಾರನ್ನ ತೆಗೀಲಿ?"

ಬುರುಲ್ಚಾ ಎಜೆ, ಎಂದರೆ ಊರಿಗೆಲ್ಲ ಬುರುಲ್ಚಾ ಅಕ್ಕ, ಹೀಗೆ ಕೇಳುವುದು ಯಾರನ್ನೂ ಅಲ್ಲ. ಬೆಳಗಿನ ಐದೂವರೆ. ಕರಾ-ಬೆಲ್ ದೂರವಾಣಿ ಕೇಂದ್ರದ ಹಿಂಕೋಣೆಯಲ್ಲಿ ಅವರ ಎದುರಿಗಿರುವುದು ಒಂದು ಕರಿಯ ರೌಟರ್, ಒಂದು ಕಂಪ್ಯೂಟರ್, ಒಂದು ಬಟ್ಟಲು ಉಪ್ಪು ಹಾಕಿದ ಹಾಲಿನ ಚಹಾ. ಹೊರಗೆ ಯಾರದೋ ಕುದುರೆಗಳು ಹೊಳೆಗೆ ಇಳಿಯುತ್ತಿವೆ.

ಕಣಿವೆಯ ಹದಿನೇಳು ಹಳ್ಳಿಗಳ ಮಾತೆಲ್ಲ ಈ ರೌಟರ್ ದಾಟಿಯೇ ಹೋಗಬೇಕು. ಯಾವ ಸಂಖ್ಯೆಗೆ ಯಾವ ದಾರಿ ಎಂದು ಅದರೊಳಗೆ ಸಾಲುಸಾಲಾಗಿ ಬರೆದಿಡಬೇಕು. ಸಾಲಿಲ್ಲದ ಮನೆಯ ಫೋನು ಮೂಕ. ಅದಕ್ಕೆ ಹಿಡಿಸುವುದು ಐದು ಸಾವಿರ ಸಾಲು ಮಾತ್ರ, ಅದು ತುಂಬಿ ಆರು ವರ್ಷವಾಯಿತು. ದೊಡ್ಡ ಯಂತ್ರ ಕೇಳಿ ಬರೆದ ಪತ್ರಗಳಿಗೆ 'ಬರುವ ವರ್ಷ' ಎಂಬ ಉತ್ತರ ಪ್ರತಿ ವರ್ಷವೂ ತಪ್ಪದೆ ಬರುತ್ತದೆ.

ಒಂದೇ ಊರಿನ ಒತ್ತೊತ್ತಿನ ಸಂಖ್ಯೆಗಳಾದರೆ ಕೊನೆಯ ಅಂಕಿಯ ಜಾಗದಲ್ಲಿ ಚುಕ್ಕೆ ಇಟ್ಟು ಹತ್ತನ್ನು ಒಂದೇ ಸಾಲಿಗೆ ತರಬಹುದು. "ಒಂದು ಕಂಬಳಿಯಡಿ ಹತ್ತು ಮಕ್ಕಳು ಮಲಗಿದ ಹಾಗೆ," ಎನ್ನುತ್ತಾರೆ ಎಜೆ. "ಆದರೆ ನಮ್ಮ ಜನ ಊರು ಬಿಟ್ರೂ ನಂಬರ್ ಬಿಡಲ್ಲ. ಗಂಡನ ಮನೆಗೆ ಹೋದೋಳು ತವರಿನ ನಂಬರ್ ಹೊತ್ಕೊಂಡೇ ಹೋಗ್ತಾಳೆ. ಕಂಬಳಿ ಎಲ್ಲೀವರೆಗೂ ಅಂತ ಎಳೀಲಿ?"

ಹಾಗಾಗಿ ಒಂದು ಸೇರಬೇಕಾದರೆ ಒಂದು ಹೋಗಬೇಕು. ಮೂವತ್ತೊಂದು ವರ್ಷದಿಂದ ಇಲ್ಲಿ ದುಡಿಯುತ್ತಿರುವ ಎಜೆ ಇದಕ್ಕೊಂದು ನೇಮ ಇಟ್ಟುಕೊಂಡಿದ್ದಾರೆ. ಸದ್ದಿಲ್ಲದ ಸಂಖ್ಯೆಗೆ ನಲವತ್ತು ದಿನ, ದಿನಕ್ಕೊಮ್ಮೆ ತಾವೇ ಕರೆ ಮಾಡುತ್ತಾರೆ. ಯಾರೂ ಎತ್ತದಿದ್ದರೆ ಎರಡೂ ಅಂಗೈಗಳನ್ನು ಮುಖಕ್ಕೆ ಸವರಿ, ಒಂದು ಪ್ರಾರ್ಥನೆ ಹೇಳಿ ಅಳಿಸುತ್ತಾರೆ. "ಸತ್ತೋರಿಗೂ ನಲವತ್ತು ದಿನ ಕಾಯ್ತೀವಿ. ನಂಬರ್‌ಗೆ ಅಷ್ಟೂ ಬೇಡವಾ?"

ಆ ನೇಮವೂ ಒಮ್ಮೆ ಕೈಕೊಟ್ಟಿತು. ನಾಲ್ಕು ವರ್ಷದ ಹಿಂದೆ ಕೋಕ್-ಸೈ ಹಳ್ಳಿಯ ಒಂದು ಮನೆಯಲ್ಲಿ ನಲವತ್ತು ದಿನವೂ ಫೋನು ಎತ್ತಲಿಲ್ಲ. ಅಳಿಸಿದರು. ಮನೆಯವರು ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರು. "ಬೇಸಿಗೇಲಿ ಇಲ್ಲಿ ಯಾರ ಮನೆಗೆ ಬೀಗ ಇರಲ್ಲ? ಕುರಿಯೋರ ಮಗಳು ನಾನು, ನನಗೇ ಹೊಳೀಲಿಲ್ಲ."

ಸೆಪ್ಟೆಂಬರಿನಲ್ಲಿ ಇಳಿದು ಬಂದ ಮರುದಿನವೇ ಆ ಮನೆಯ ಯಜಮಾನ ಸಾತಾರನಿಗೆ ಎದೆ ಹಿಡಿಯಿತು. ಹೆಂಡತಿ ಕನಿಂಬೂಬು ಫೋನಿನ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಕೊನೆಗೆ ನೆರೆಮನೆಗೆ ಓಡಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಅವನಿರಲಿಲ್ಲ.

"ಮೂರನೇ ದಿನ ಹೋಗಿ, ನಂಬರ್ ತೆಗೆದದ್ದು ನಾನೇ ಅಂದೆ. ಆಕೆ ಕರಿದ ರೊಟ್ಟಿ ಮುಂದಿಟ್ಟು, 'ತಿನ್ನು, ನಡೆದು ಬಂದಿದ್ದೀಯ' ಅಂದಳು."

ಅಂದಿನಿಂದ ಮೇ ತಿಂಗಳಿಂದ ಸೆಪ್ಟೆಂಬರ್ ಮುಗಿಯುವವರೆಗಿನ ಮೌನವನ್ನು ಎಜೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂಬತ್ತಕ್ಕೆ ಕೇಂದ್ರದ ಮುಖ್ಯಸ್ಥ ಎರ್ಮೆಕ್ ಒಳಗೆ ಬರುತ್ತಾನೆ. ಎಜೆಯ ಮಗನ ವಯಸ್ಸಿನವನು. ಅವರ ಕೆಲಸದ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸುವ ಸಹಿ ಇವನದು. ಕೆರೆಯ ದಂಡೆಯ ಹೊಸ ಅತಿಥಿಗೃಹಕ್ಕೆ ಆರು ಸಂಖ್ಯೆ ಬೇಕಾಗಿದೆ.

"ಎಜೆ, ಕೋಕ್-ಸೈ ಕಡೆ ಆರು ನಂಬರ್ ಐವತ್ತು ದಿನದಿಂದ ಎತ್ತಿಲ್ಲ. ನಿಮ್ಮ ಲೆಕ್ಕಕ್ಕಿಂತ ಹತ್ತು ದಿನ ಜಾಸ್ತೀನೇ ಆಯ್ತು."

"ಇದು ಜುಲೈ."

"ಕುರಿಗಳೇನು ಫೋನ್ ಮಾಡ್ತಾವಾ?"

"ಮಾಡಿದ್ರೆ ನಿನಗಿಂತ ಮರ್ಯಾದೆಯಾಗಿ ಮಾತಾಡ್ತಾವೆ."

ಎರ್ಮೆಕ್ ನಗುತ್ತಾನೆ, ಕುರ್ಚಿ ಎಳೆದು ಕೂತು ದನಿ ತಗ್ಗಿಸುತ್ತಾನೆ. "ಶುಕ್ರವಾರದೊಳಗೆ ಕೊಡದಿದ್ರೆ ಮೇಲಿನೋರು ನನ್ನ ಕುತ್ತಿಗೆಗೆ ಬರ್ತಾರೆ. ನಿಮ್ಮ ಕಾಗದಾನೂ ಇನ್ನೂ ನನ್ನ ಮೇಜಿನ ಮೇಲೇ ಇದೆ. ಕುರಿಯೋರು ಬೆಟ್ಟ ಇಳಿದ ಮೇಲೆ ಮತ್ತೆ ಸೇರಿಸಿದ್ರಾಯ್ತು. ಆರೇ ಸಾಲು, ಎಜೆ."

ಎಜೆ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

"ಆ ಕಾಗದ ಬೇಕಾದ್ರೆ ಹರಿದು ಹಾಕಪ್ಪ. ನಾನು ತೆಗೆಯಲ್ಲ."