ಬ್ಯಾಂಕಿನ ಚೀಟಿಗೂ ಒಂದು ಇಸ್ತ್ರಿ

ಬೆಳಗಿನ ಐದು ಗಂಟೆ. ನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ ಆರು ಕಿಲೋ ತೂಕದ ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಮಿನುಗುತ್ತಿದೆ. ಇಸ್ತ್ರಿಯಮ್ಮ ಬೆರಳ ತುದಿಯಿಂದ ನೀರು ಚಿಮುಕಿಸಿ ಮೊದಲ ಅಂಗಿಯ ಕಾಲರಿಗೆ ಕೈಹಚ್ಚುತ್ತಾರೆ. ಇಡೀ ಕಟ್ಟಡ ಅವರನ್ನು ಕರೆಯುವುದೇ ಹಾಗೆ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿರುವವರು ಅತ್ತೆ. ಮೈಗೆ ಎಪ್ಪತ್ತೆರಡಾದರೂ ನಾಲಿಗೆಗೆ ಇನ್ನೂ ಇಪ್ಪತ್ತು.

ದಿನಕ್ಕೆ ನೂರಿಪ್ಪತ್ತು ಬಟ್ಟೆ. ಹದಿನೆಂಟು ವರ್ಷಗಳಿಂದ ನಿಂತೇ ಕೆಲಸ, ನಿಂತೇ ಊಟ. ಗಂಡ ತೀರಿಕೊಂಡ ಮೇಲೆ ಅತ್ತೆಸೊಸೆಯರು ಮೂರು ಕಟ್ಟಡಗಳಿಂದ ಎತ್ತಂಗಡಿಯಾಗಿದ್ದಾರೆ.

ಅರ್ಥಶಾಸ್ತ್ರವನ್ನು ಇಸ್ತ್ರಿಯಮ್ಮ ಕಲಿತದ್ದು ಬಟ್ಟೆಗಳಿಂದ. "ಸಂಬಳ ಅಂದ್ರೆ ಹತ್ತಿ ಬಟ್ಟೆ ಇದ್ದಂಗೆ. ತಂದ ದಿನ ಅಳತೆ ಸರಿಯಾಗಿರುತ್ತೆ, ಎರಡು ಒಗೆತಕ್ಕೆ ಕುಗ್ಗುತ್ತೆ" ಎನ್ನುತ್ತಾರೆ. ಷೇರುಪೇಟೆಯ ಏರಿಳಿತ ತಿಳಿಯಲು ಪತ್ರಿಕೆ ಬೇಕಿಲ್ಲ, ಮೂರನೇ ಮಹಡಿಯ 'ಷೇರು ಅಣ್ಣ' ಸಾಕು. "ಏರಿದ್ರೆ ದಿಂಬಿನ ಚೀಲಕ್ಕೂ ಇಸ್ತ್ರಿ. ಇಳಿದ್ರೆ, 'ಬರೀ ಕಾಲರ್ ಒತ್ತಿಬಿಡಿ, ಮೇಲೆ ಸ್ವೆಟರ್ ಹಾಕ್ಕೋತೀನಿ' ಅಂತಾರೆ." ಸಾಲದ ವಿಚಾರದಲ್ಲೂ ಅವರದೊಂದು ಸಿದ್ಧಾಂತವಿದೆ: "ಕೇಳೋಕೆ ಹೋಗೋರ ಅಂಗಿ ಗರಿಗರಿಯಾಗಿರ್ಬೇಕು. ಕೊಡೋರದು ಹೆಂಗಿದ್ರೂ ನಡೆಯುತ್ತೆ."

ಆದರೆ ಇಂದು ಸಿದ್ಧಾಂತಕ್ಕೆ ಬಿಡುವಿಲ್ಲ. ಮೆಟ್ಟಿಲ ಪಕ್ಕದ ಪುಟ್ಟ ಕೋಣೆ ಬಾಡಿಗೆಗಿದೆ. ಮಧ್ಯಾಹ್ನ ಹನ್ನೆರಡರೊಳಗೆ ಮುಂಗಡ ಕೊಟ್ಟರೆ ಅವರದು. ಇಲ್ಲವಾದರೆ ಎದುರುಮನೆಯವರ ಸ್ಕೂಟರುಗಳದ್ದು. ಅದಕ್ಕೆಂದೇ ಹೆಚ್ಚುಕಡಿಮೆ ಒಂದು ವರ್ಷದಿಂದ ಶನಿವಾರ ತಪ್ಪದಂತೆ ಬ್ಯಾಂಕಿನ ಯಂತ್ರಕ್ಕೆ ಹಣ ತುಂಬಿ, ಚೀಟಿ ತೋರಿಸಿದರೇ ದುಡ್ಡು ವಾಪಸ್ ಎಂದುಕೊಂಡು, ಅದು ಉಗುಳಿದ ಚೀಟಿಗಳನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ. ಒಟ್ಟು ಐವತ್ತೊಂದು.

"ಅತ್ತೆ, ಚೀಟಿ ಡಬ್ಬಿ ಎಲ್ಲಿ?"

"ಬ್ಯಾಂಕಿಗೆ ಹೋಗೋ ಕಾಗದ, ಸುಕ್ಕುಸುಕ್ಕಾಗಿತ್ತು ಕಣೇ. ನಮ್ಮ ಮರ್ಯಾದೆ ಏನಾಗ್ಬೇಕು? ಸಾಲಾಗಿ ಹರಡಿ, ಮೇಲೊಂದು ಬಟ್ಟೆ ಹಾಸಿ, ನಾಜೂಕಾಗಿ ಇಸ್ತ್ರಿ ಹಾಕಿಟ್ಟಿದೀನಿ" ಎಂದು ಅತ್ತೆ ಹೆಮ್ಮೆಯಿಂದ ಬಟ್ಟೆ ಸರಿಸುತ್ತಾರೆ.

ಐವತ್ತೊಂದೂ ಚೀಟಿಗಳಲ್ಲಿ ಒಂದು ಸುಕ್ಕೂ ಇಲ್ಲ. ಒಂದು ಅಕ್ಷರವೂ ಇಲ್ಲ. ಶಾಖಕ್ಕೆ ಅಷ್ಟೂ ಇದ್ದಲಿನಂತೆ ಕಪ್ಪಾಗಿವೆ.

ಸೊಸೆಯ ಮುಖ ನೋಡಿದ ಅತ್ತೆಯ ಇಪ್ಪತ್ತರ ನಾಲಿಗೆ ಮೊದಲ ಬಾರಿಗೆ ತಡವರಿಸುತ್ತದೆ. "ಅಯ್ಯೋ, ಕೋಣೇನೇ ಸುಟ್ಟುಬಿಟ್ಟೆನಲ್ಲೇ!"

ಇಸ್ತ್ರಿಯಮ್ಮ ಗದರುವುದಿಲ್ಲ. ಕಪ್ಪು ಚೀಟಿಗಳನ್ನು ಅಂಗಿಯಂತೆ ನೀಟಾಗಿ ಜೋಡಿಸಿ, ಅತ್ತೆಯ ಕೈ ಹಿಡಿದು, ಬ್ಯಾಂಕು ಬಾಗಿಲು ತೆರೆಯುವ ಹೊತ್ತಿಗೆ ಸಾಲಿನ ಮೊದಲಿಗೆ ನಿಂತಿರುತ್ತಾರೆ.

ಕ್ಯಾಷಿಯರ್ ಚೀಟಿಗಳನ್ನು ತಿರುಗಿಸಿ ನೋಡಿ, "ಏನಮ್ಮ ಇದು?" ಎನ್ನುತ್ತಾರೆ.

"ದುಡ್ಡು ಸರ್. ಸ್ವಲ್ಪ ಬಿಸಿ ಜಾಸ್ತಿಯಾಯ್ತು."

ಕ್ಯಾಷಿಯರಿಗೆ ನಗು ತಡೆಯಲಾಗುವುದಿಲ್ಲ. "ಚೀಟಿ ಕಪ್ಪಾದ್ರೆ ದುಡ್ಡು ಕಪ್ಪಾಗಲ್ಲ ಕಣಮ್ಮ. ಲೆಕ್ಕ ನಮ್ಮ ಹತ್ರ ಇರುತ್ತೆ. ಪಾಸ್‌ಬುಕ್ ಕೊಡಿ." ಯಂತ್ರ ಕಿರುಗುಟ್ಟುತ್ತದೆ. ಐವತ್ತೊಂದು ಶನಿವಾರಗಳೂ ಒಂದರ ಕೆಳಗೊಂದು ಮೂಡಿಬರುತ್ತವೆ.

ಇಸ್ತ್ರಿಯಮ್ಮ ಬೆರಳಿಟ್ಟು ಓದುತ್ತಾ ನಡುನಡುವೆ ತಡೆಯುತ್ತಾರೆ. "ಸರ್, ಇದು ನಾನು ಹಾಕಿದ್ದಲ್ಲ. ಯಾರದೋ ಸೇರಿಬಿಟ್ಟಿದೆ."

"ಅದು ಬಡ್ಡಿ. ನಿಮ್ಮ ದುಡ್ಡು ಇಲ್ಲಿ ಕೂತು ದುಡಿದಿದೆ."

"ಕೂತು ದುಡಿಯೋದಾ!" ಅತ್ತೆಗೆ ಮಾತು ಮರಳಿದೆ. "ನಾವು ನಿಂತು ನಿಂತು ಕಾಲು ಊದಿಸ್ಕೊಂಡ್ರೆ, ಇದು ಇಲ್ಲಿ ಫ್ಯಾನಿನ ಕೆಳಗೆ ಕೂತಿತ್ತೇನೇ? ನಿನಗಿಂತ ನಿನ್ನ ದುಡ್ಡೇ ಜಾಣೆ ಬಿಡು!"

ಮುಂಗಡದ ಜೊತೆ ಬಡ್ಡಿಯನ್ನೂ ಎಣಿಸಿಕೊಂಡು ಹೊರಡುವ ಮುನ್ನ ಇಸ್ತ್ರಿಯಮ್ಮ ಕ್ಯಾಷಿಯರರ ಅಂಗಿಯ ಮುದುರಿದ ತೋಳನ್ನು ದಿಟ್ಟಿಸುತ್ತಾರೆ. ಸಾಲ ಕೊಡುವವರ ಅಂಗಿಯ ಬಗೆಗಿನ ಸಿದ್ಧಾಂತ ಸಾಬೀತಾಗಿದೆ. "ನಾಳೆ ತಗೊಂಡ್ಬನ್ನಿ ಸರ್. ದುಡ್ಡು ಬೇಡ, ಹಾಗೇ ಒತ್ತಿಕೊಡ್ತೀನಿ."

ಹನ್ನೊಂದೂ ಮುಕ್ಕಾಲಿಗೆ ಕೋಣೆಯ ಬೀಗದ ಕೈ ಅವರ ಸೆರಗಿನ ತುದಿ ಸೇರುತ್ತದೆ. ಹತ್ತು ಅಡಿ ಉದ್ದ, ಏಳು ಅಡಿ ಅಗಲ, ಒಂದು ಕಿಟಕಿ. ಬಡ್ಡಿಯ ಹಣ ಮಾತ್ರ ಇನ್ನೂ ಮುಷ್ಟಿಯಲ್ಲೇ ಇದೆ. ಅದನ್ನೇನು ಮಾಡುತ್ತೀರಿ ಎಂದು ಕೇಳಿದರೆ, ಮೇಜು ಬರಬೇಕಾದ ಜಾಗವನ್ನು ಗೇಣಿನಲ್ಲಿ ಅಳೆಯುತ್ತಾ ನಗುತ್ತಾರೆ:

"ಎತ್ತರದ್ದೊಂದು ಸ್ಟೂಲ್ ತಗೋತೀನಿ. ಕೂತು ದುಡಿದ ದುಡ್ಡು ಅಲ್ವಾ, ಕೂರೋಕೇ ಖರ್ಚಾಗ್ಲಿ. ಮೊದಲ ಸರದಿ ಅತ್ತೆದು."